ಅಸ್ಸಾಮಿನ ಮನೆಗಳೂ ಅಫೀಮಿನ ಬೊಕ್ಕಸವೂ

ಬ್ರಹ್ಮಪುತ್ರ ನದದ ಕಣಿವೆಯಲ್ಲಿ, ಪೂರ್ವದ ಸದಿಯಾದಿಂದ ಹಿಡಿದು ಪಶ್ಚಿಮದಲ್ಲಿ ಗೌಹಾತಿಯ ಆಚೆಯವರೆಗೂ ಹರಡಿದ ಅಸ್ಸಾಮಿನ ಹಳ್ಳಿಗಳಲ್ಲಿ, ರೈತನ ಮನೆಯೆಂದರೆ ಅದಕ್ಕೊಂದು ಹಿತ್ತಿಲು ಇದ್ದೇ ಇರಬೇಕು. ಅಡಕೆ, ವೀಳ್ಯದ ಬಳ್ಳಿ, ಬಾಳೆ, ಬಿದಿರುಗಳಿಂದ ನಿಬಿಡವಾದ ಆ ಹಿತ್ತಿಲನ್ನು ಕಂಡರೆ ನಮ್ಮ ಮಲೆನಾಡಿನವರಿಗೆ ತಮ್ಮೂರೇ ನೆನಪಾದೀತು. 19ನೆಯ ಶತಮಾನದ ಪೂರ್ವಾರ್ಧದಲ್ಲಿ ಆ ಹಿತ್ತಿಲಿನ ಒಂದು ಮಗ್ಗುಲಲ್ಲಿ ಗಸಗಸೆಯ ಗಿಡಗಳೂ ಬೆಳೆಯುತ್ತಿದ್ದುವು. ಹಬ್ಬದ ದಿನ ಪಾಯಸಕ್ಕೆಂದು ನಮ್ಮ ಮನೆಗಳಲ್ಲಿ ಹುರಿದು ಅರೆಯುವ ಗಸಗಸೆ ಇದೇ ಗಿಡದ ಬೀಜ; ಆದರೆ ಕಾಯಿ ಇನ್ನೂ ಹಸಿರಾಗಿರುವಾಗ ಅದರ ಮೈಯನ್ನು ನಯವಾಗಿ ಗೀರಿದರೆ ಒಸರುವ ಹಾಲಿನಂಥ ರಸವು ಗಾಳಿಗೆ ಒಡ್ಡಿಕೊಂಡು ಕಂದುಬಣ್ಣಕ್ಕೆ ತಿರುಗಿ ಗಟ್ಟಿಯಾದಾಗ ಅದೇ ಅಫೀಮು. ಬಿಹಾರದಲ್ಲಿ ಈ ರಸವನ್ನು ಉಂಡೆಗಟ್ಟುತ್ತಿದ್ದರು. ಅಸ್ಸಾಮಿನ ರೈತರು ಹಾಗೆ ಮಾಡದೆ, ಒರಟು ಬಟ್ಟೆಯ ಕಿರಿದಾದ ಪಟ್ಟಿಗಳಿಗೆ ಅದನ್ನು ಹೀರಿಸಿ, ಒಣಗಿಸಿ, ಸುರುಳಿ ಸುತ್ತಿ ಇಟ್ಟುಕೊಂಡು, ಬೇಕಾದಾಗ ತುಂಡೊಂದನ್ನು ಕತ್ತರಿಸಿ ನೀರಿನಲ್ಲಿ ನೆನೆಸಿ ಆ ನೀರನ್ನು ಕುಡಿಯುತ್ತಿದ್ದರು. ಅವರು ಇದನ್ನು ಕಾನಿ ಎಂದು ಕರೆದರು; ಅದಕ್ಕೆ ವಶನಾದವನನ್ನು ಕಾನೀಯ ಎಂದರು.

ಅಫೀಮಿನ ಚರಿತ್ರೆಯನ್ನು ಬರೆದವರಲ್ಲಿ ಬಹುಮಂದಿ ಚೀನಾ ದೇಶದ ಯುದ್ಧಗಳನ್ನೂ ಕ್ಯಾಂಟನ್ನಿನ ಬಂದರನ್ನೂ ಕಲ್ಕತ್ತೆಯ ಹರಾಜು ಕಟ್ಟೆಯನ್ನೂ ಕುರಿತು ವಿಸ್ತಾರವಾಗಿ ಬರೆದಿದ್ದಾರೆ. ಅದು ಯುಕ್ತವೇ, ಒಂದು ಮಹಾಸಾಮ್ರಾಜ್ಯದ ವಾಣಿಜ್ಯ ಮತ್ತೊಂದು ಪ್ರಾಚೀನ ರಾಷ್ಟ್ರದ ಆರೋಗ್ಯವನ್ನು ನುಂಗಿದ ಕಥೆ ಅದು. ಆದರೆ ಆ ದೊಡ್ಡ ಕಥೆಯ ನೆರಳಿನಲ್ಲಿ ಭರತಖಂಡದ ಈಶಾನ್ಯ ಮೂಲೆಯ ಒಂದು ಪ್ರಾಂತದ ಮನೆಮನೆಯಲ್ಲಿ ನೂರು ವರ್ಷಗಳಿಗೂ ಮೀರಿ ನಡೆದುದು ಮರೆಯಾಗಿ ಹೋಗಿದೆ. ವ್ಯಸನವೆಂದರೆ ವ್ಯಸನಿಯ ದೌರ್ಬಲ್ಯ, ಅವನ ಕರ್ಮ, ಅವನ ಮನೆಯವರ ದುರದೃಷ್ಟ ಎಂದು ಹೇಳಿ ಕೈತೊಳೆದುಕೊಳ್ಳುವ ಅಭ್ಯಾಸ ಎಲ್ಲ ಕಾಲದಲ್ಲಿಯೂ ಇದೆ. ಅಸ್ಸಾಮಿನ ಚರಿತ್ರೆಯನ್ನು ನೋಡಿದವರು ಹಾಗೆ ಹೇಳಲಾರರು. ಅಲ್ಲಿ ಆ ದೌರ್ಬಲ್ಯಕ್ಕೆ ಅಂಗಡಿಯಿದ್ದಿತು, ಅಂಗಡಿಗೆ ಪರವಾನಗಿಯಿದ್ದಿತು, ಪರವಾನಗಿಯ ಹಣಕ್ಕೆ ಸರಕಾರದ ಆಯವ್ಯಯ ಪತ್ರದಲ್ಲಿ ಒಂದು ಮಾನ್ಯವಾದ ಸ್ಥಾನವಿದ್ದಿತು.

ಅಹೋಮ್ ಅರಸರ ಕಡೆಗಾಲದಲ್ಲಿ, ಎಂದರೆ 18ನೆಯ ಶತಮಾನದ ಉತ್ತರಾರ್ಧದಲ್ಲಿ, ಅಫೀಮು ಮೊದಮೊದಲು ಅರಮನೆಯವರ ಮತ್ತು ಸಿರಿವಂತರ ವಿಲಾಸವಾಗಿದ್ದು, ಅಲ್ಲಿಂದ ಕೆಳಗಿಳಿದು ರೈತನ ಗುಡಿಸಲನ್ನು ಹೊಕ್ಕಿತು. ಆ ಕಾಲದ ಅಂತಃಕಲಹಗಳು, ಅವುಗಳ ಬೆನ್ನಿಗೆ ಬಂದ ಬರ್ಮಾದವರ ದಂಡಯಾತ್ರೆಗಳು ಆ ನಾಡನ್ನು ಹಾಳುಗೆಡವಿದ್ದುವು, ಊರುಗಳು ಬರಿದಾಗಿದ್ದುವು, ಉಳಿದವರು ಜ್ವರ, ಆಮಶಂಕೆ, ಹಸಿವುಗಳ ನಡುವೆ ಬದುಕುತ್ತಿದ್ದರು. ಇಂತಹ ಸ್ಥಿತಿಯಲ್ಲಿ ನೋವನ್ನು ಅಡಗಿಸುವ, ಭೇದಿಯನ್ನು ಕಟ್ಟುವ, ಹಸಿವನ್ನು ಮರೆಸುವ ಒಂದು ಪದಾರ್ಥ ಹಿತ್ತಿಲಲ್ಲಿಯೇ ದೊರೆತರೆ ಅದನ್ನು ಔಷಧವೆಂದು ಭಾವಿಸಿದವರನ್ನು ದೂಷಿಸುವುದು ಕಷ್ಟ. ಔಷಧದ ಗುಣ ಅದಕ್ಕೆ ಇದ್ದೇ ಇತ್ತು. 1826ರಲ್ಲಿ ಯಾಂಡಬೂ ಒಪ್ಪಂದದಿಂದ ಆ ದೇಶ ಈಸ್ಟ್ ಇಂಡಿಯಾ ಕಂಪೆನಿಯ ಕೈಸೇರಿದಾಗ ಕಾನಿ ಅಲ್ಲಿ ಆಗಲೇ ನೆಲೆಯೂರಿದ್ದಿತು.

ಆ ಕಾಲದ ಸಾಕ್ಷ್ಯಗಳಲ್ಲಿ ಅತ್ಯಂತ ಪ್ರಸಿದ್ಧವಾದುದು ಚಾರ್ಲ್ಸ್ ಅಲೆಗ್ಸಾಂಡರ್ ಬ್ರೂಸ್ ಎಂಬಾತನದು. ಅಸ್ಸಾಮಿನ ಕಾಡಿನ ಚಹಾ ಗಿಡವನ್ನು ಜಗತ್ತಿನ ಮಾರುಕಟ್ಟೆಗೆ ತಂದವರಲ್ಲಿ ಅಗ್ರಗಣ್ಯನಾದ ಈತ, 1839ರ ತನ್ನ ವರದಿಯಲ್ಲಿ ಚಹಾದ ವಿಷಯವನ್ನು ಹೇಳುತ್ತ ಹೇಳುತ್ತ ಅಫೀಮಿನ ಕಡೆಗೆ ತಿರುಗಿ, ಈ ಪಿಡುಗು ಒಂದು ಸುಂದರ ದೇಶವನ್ನು ನಿರ್ಜನವಾಗಿಸಿದೆ ಎಂದೂ, ವ್ಯಸನಿಯಾದವನು ಅಫೀಮಿಗಾಗಿ ಕದಿಯುವನು, ಇದ್ದುದನ್ನೆಲ್ಲ ಮಾರುವನು, ಮಕ್ಕಳನ್ನು ಮಾರುವನು, ಕಡೆಗೆ ಮಕ್ಕಳ ತಾಯಿಯನ್ನೂ ಮಾರುವನು ಎಂದೂ ಬರೆದಿದ್ದಾನೆ. ಓದಿದವರ ಮೈ ನಡುಗಿಸುವ ಮಾತು. ಆದರೆ ಬ್ರೂಸನ ಮಾತನ್ನು ತೂಗುವಾಗ ಅವನ ಕೈಯಲ್ಲಿದ್ದ ಕೆಲಸವನ್ನೂ ತೂಗಬೇಕು. ಚಹಾ ತೋಟಗಳಿಗೆ ಕೂಲಿಯಾಳುಗಳು ಬೇಕಾಗಿದ್ದರು. ಹಿತ್ತಿಲಲ್ಲಿಯೇ ತನ್ನ ಅನ್ನವನ್ನೂ ತನ್ನ ಅಫೀಮನ್ನೂ ಬೆಳೆದುಕೊಳ್ಳುವ ರೈತ ಇನ್ನೊಬ್ಬನ ತೋಟಕ್ಕೆ ಕೂಲಿಗೆ ಬರುವುದಿಲ್ಲ. ಆದುದರಿಂದ ಗಸಗಸೆಯ ಬೇಸಾಯವನ್ನು ನಿಲ್ಲಿಸಬೇಕೆಂಬ ಅವನ ಬೇಡಿಕೆಯಲ್ಲಿ ದಯೆಯೂ ಲಾಭವೂ ಬೆರೆತಿದ್ದುವು. ಅವನು ವರ್ಣಿಸಿದ ದುಃಖ ಸತ್ಯ. ಅವನು ಸೂಚಿಸಿದ ಪರಿಹಾರ ಮಾತ್ರ ದುಃಖಿತರಿಗಾಗಿ ಹುಟ್ಟಿದುದಲ್ಲ.

1853ರಲ್ಲಿ ಸದರ್ ನ್ಯಾಯಾಲಯದ ನ್ಯಾಯಾಧೀಶ ಮಾಫಟ್ ಮಿಲ್ಸ್ ಅಸ್ಸಾಮಿನ ಆಡಳಿತವನ್ನು ಪರಿಶೀಲಿಸಲು ಬಂದಾಗ ಆ ನಾಡಿನ ವಿದ್ಯಾವಂತರು ಈ ವಿಷಯವನ್ನು ತಾವಾಗಿಯೇ ಮುಂದಿಟ್ಟರು. ಆನಂದರಾಮ ಢೇಕಿಯಾಲ್ ಫುಕನ್ ಎಂಬ ಇನ್ನೂ 25ರ ಅಂಚಿನ ತರುಣ ಅಧಿಕಾರಿ, ತನ್ನ ಜನರು ಅಫೀಮಿನಿಂದ ಹೇಗೆ ಕುಗ್ಗಿಹೋಗಿರುವರೆಂಬುದನ್ನು ವಿವರಿಸಿ ಅದನ್ನು ತೊಡೆದುಹಾಕಬೇಕೆಂದು ಸಲ್ಲಿಸಿದ ಲೇಖನ ಇಂದಿಗೂ ಗೌರವದಿಂದ ಓದತಕ್ಕದ್ದು. 1858ರಲ್ಲಿ ಗಲ್ಲಿಗೇರಿದ ಮಣಿರಾಮ ದಿವಾನನೂ ಅದೇ ಮಿಲ್ಸನ ಮುಂದೆ ತನ್ನ ಅಹವಾಲನ್ನಿಟ್ಟಿದ್ದನು. ಜನಸಂಖ್ಯೆಯ ಮುಕ್ಕಾಲು ಪಾಲು ಗಂಡಸರು, ಹೆಂಗಸರು, ಮಕ್ಕಳೆನ್ನದೆ ಅಫೀಮನ್ನು ಸೇವಿಸುತ್ತಿರುವರೆಂದು ಮಿಲ್ಸ್ ಬರೆದನು. ಈ ಎಣಿಕೆ ಉತ್ಪ್ರೇಕ್ಷೆಯಾಗಿದ್ದರೂ ಇರಬಹುದು. ಅರ್ಧವೆಂದು ತೆಗೆದುಕೊಂಡರೂ ಅದು ಒಂದು ಸಮಾಜದ ಸ್ಥಿತಿಯೇ ಹೊರತು ಕೆಲವರ ಚಟವೆನಿಸದು.

ಆ ಸ್ಥಿತಿಯೆಂದರೇನೆಂಬುದನ್ನು ಸ್ವಲ್ಪ ನಿಧಾನವಾಗಿ ಯೋಚಿಸಬೇಕು. ಅಫೀಮಿನ ಧರ್ಮವೇನೆಂದರೆ, ಇಂದು ಸಾಕೆನಿಸಿದ ಪ್ರಮಾಣ ಕೆಲವು ತಿಂಗಳ ಬಳಿಕ ಸಾಲದಾಗುತ್ತದೆ. ಆಮೇಲೆ ಸುಖಕ್ಕಾಗಿ ತೆಗೆದುಕೊಳ್ಳುವುದು ಹೋಗಿ, ತೆಗೆದುಕೊಳ್ಳದಿದ್ದರೆ ಬರುವ ಯಾತನೆಯನ್ನು ತಪ್ಪಿಸಿಕೊಳ್ಳುವುದಕ್ಕಾಗಿ ತೆಗೆದುಕೊಳ್ಳಬೇಕಾಗುತ್ತದೆ. ಹೊತ್ತಿಗೆ ಸರಿಯಾಗಿ ಕಾನಿ ಸಿಗದಿದ್ದರೆ ಆಕಳಿಕೆ ಬಿಡದು. ಕಣ್ಣು ಮೂಗು ಸೋರುವುವು. ಮೂಳೆಗಳಲ್ಲಿ ನೋವು, ಹೊಟ್ಟೆಯಲ್ಲಿ ನುಲಿತ, ಭೇದಿ, ನಿದ್ರೆಯಿಲ್ಲದ ರಾತ್ರಿ. ಇಂಥವನು ಮನೆಯ ಯಜಮಾನನಾಗಿದ್ದರೆ ಮನೆಯ ದಿನಚರಿಯೆಲ್ಲ ಅವನ ಹೊತ್ತಿನ ಸುತ್ತ ತಿರುಗತೊಡಗುವುದು. ಬಿತ್ತನೆಯ ಕಾಲದ ಮಳೆ ಯಾರಿಗಾಗಿಯೂ ಕಾಯುವುದಿಲ್ಲ, ಆದರೆ ಉಳುವವನು ಎದ್ದು ಕೂರಬೇಕಾದರೆ ಮೊದಲು ಅವನ ಪಾಲು ಒದಗಬೇಕು. ಅಂಗಡಿಯವನಿಗೆ ಕೊಡಲು ನಗದು ಬೇಕು. ಭತ್ತ ಬೆಳೆಯುವ ಮನೆಯಲ್ಲಿ ನಗದು ಇರುವುದು ಅಪರೂಪ. ಆದುದರಿಂದ ಮೊದಲು ಮಿಕ್ಕ ಭತ್ತ, ಬಳಿಕ ಬೀಜದ ಭತ್ತ, ಆಮೇಲೆ ಪಾತ್ರೆ, ಒಡವೆ, ಎಮ್ಮೆ, ಕಡೆಗೆ ಭೂಮಿಯ ಮೇಲಿನ ಹಕ್ಕು, ಹೀಗೆ ಒಂದೊಂದಾಗಿ ಮನೆಯಿಂದ ಹೊರಟುಹೋಗುವುವು. ಅಸ್ಸಾಮಿನಲ್ಲಿ ಆಗ ಮಗ್ಗವಿಲ್ಲದ ಮನೆಯಿರಲಿಲ್ಲ, ನೇಯಲು ಬಾರದ ಹೆಣ್ಣಿರಲಿಲ್ಲ. ಮೂಗಾ ಮತ್ತು ಎರಿ ರೇಷ್ಮೆಯ ಆ ಮಗ್ಗ ಎಷ್ಟು ಮನೆಗಳಲ್ಲಿ ಗಂಡನ ಕಾನಿಗೂ ಮಕ್ಕಳ ಅನ್ನಕ್ಕೂ ಏಕಕಾಲದಲ್ಲಿ ದುಡಿದಿರಬೇಕೆಂಬುದನ್ನು ಯಾವ ಸರಕಾರಿ ಪುಸ್ತಕವೂ ಬರೆದಿಡಲಿಲ್ಲ. ಅಫೀಮಿನ ಆದಾಯವನ್ನು ಆಣೆ ಪೈಗಳವರೆಗೆ ಲೆಕ್ಕವಿಟ್ಟ ಅಧಿಕಾರಿಗಳು ಇತ್ತ ಕಡೆಗೆ ಲೆಕ್ಕಣಿಕೆಯನ್ನು ತಿರುಗಿಸಲಿಲ್ಲ.

1860ರಲ್ಲಿ ಸರಕಾರ ಅಸ್ಸಾಮಿನಲ್ಲಿ ಗಸಗಸೆಯ ಬೇಸಾಯವನ್ನು ನಿಷೇಧಿಸಿತು. ಫುಕನ್ ಮೊದಲಾದವರು ಬೇಡಿದುದು ಕೈಗೂಡಿತೆಂದು ಭಾವಿಸುವಷ್ಟರಲ್ಲಿ ಅದರ ನಿಜವಾದ ಸ್ವರೂಪ ತಿಳಿಯಿತು: ಬೆಳೆಯುವುದು ಮಾತ್ರ ನಿಷಿದ್ಧ, ಸೇವಿಸುವುದಲ್ಲ. ಬಿಹಾರದ ಮತ್ತು ಕಾಶಿಯ ಸುತ್ತಣ ಜಿಲ್ಲೆಗಳಲ್ಲಿ ಸರಕಾರದ ಮುಂಗಡ ಹಣದಿಂದ ಬೆಳೆದು, ಪಟ್ನಾ ಮತ್ತು ಘಾಜಿಪುರದ ಕಾರ್ಖಾನೆಗಳಲ್ಲಿ ಸಿದ್ಧವಾದ ಅಫೀಮು ಸರಕಾರದ ಉಗ್ರಾಣದಿಂದಲೇ ಬಂದು ಪರವಾನಗಿಯ ಅಂಗಡಿಗಳಲ್ಲಿ ಮಾರಾಟವಾಗತೊಡಗಿತು. ಹಿತ್ತಿಲಿನಲ್ಲಿ ಪುಕ್ಕಟೆಯಾಗಿ ದೊರೆಯುತ್ತಿದ್ದುದಕ್ಕೆ ಈಗ ಬೆಳ್ಳಿಯ ರೂಪಾಯಿ ಕೊಡಬೇಕಾಯಿತು. ಸರಕಾರ ಅದನ್ನು ಒದಗಿಸುತ್ತಿದ್ದ ದರ 1860ರಲ್ಲಿ ಸೇರಿಗೆ 14 ರೂಪಾಯಿ ಇದ್ದುದು ಮೆಟ್ಟಿಲು ಮೆಟ್ಟಿಲಾಗಿ ಏರಿ 1890ರ ವೇಳೆಗೆ 37 ರೂಪಾಯಿಯಾಯಿತು. ಬೆಲೆಯೇರಿದರೆ ಸೇವನೆ ತಗ್ಗುವುದೆಂಬುದು ಮೇಲಧಿಕಾರಿಗಳ ಸಮರ್ಥನೆ. ಆದರೆ ಅಫೀಮಿನ ವಿಷಯದಲ್ಲಿ ಈ ತರ್ಕ ಅರ್ಧ ಮಾತ್ರ ಸತ್ಯ. ಹೊಸಬನನ್ನು ಬೆಲೆ ತಡೆಯಬಹುದು, ಹಳಬನನ್ನು ತಡೆಯಲಾರದು. ಹಳಬ ಬೆಲೆಯ ಏರಿಕೆಯನ್ನು ತನ್ನ ಮನೆಯವರ ಊಟದಲ್ಲಿ ಕಳೆದುಕೊಂಡು ಸರಿದೂಗಿಸುತ್ತಾನೆ.

ನೌಗಾಂವ್ ಜಿಲ್ಲೆಯ ಫುಲಗುರಿಯಲ್ಲಿ 1861ರ ಅಕ್ಟೋಬರಿನಲ್ಲಿ ನಡೆದ ದಂಗೆ ಈ ನಿಷೇಧದ ನೇರ ಫಲ. ತಿವಾ ಜನಾಂಗದವರೇ ಮೊದಲಾದ ಅಲ್ಲಿಯ ರೈತರಿಗೆ ಗಸಗಸೆಯೊಂದೇ ನಗದು ತರುವ ಬೆಳೆಯಾಗಿದ್ದಿತು. ಅದು ಹೋದುದರ ಮೇಲೆ, ಅಡಕೆ ವೀಳ್ಯಗಳ ಮೇಲೂ ತೆರಿಗೆ ಬೀಳುವುದೆಂಬ ಸುದ್ದಿ ಹಬ್ಬಿತು. ಊರೂರಿನ ಜನ ರಾಯಿಜ್ ಮೇಳ್ ಎಂಬ ತಮ್ಮ ಹಳೆಯ ಪದ್ಧತಿಯ ಸಭೆ ಸೇರಿ ದಿನಗಟ್ಟಲೆ ಸಮಾಲೋಚನೆ ನಡೆಸಿದರು. ಸಭೆಯನ್ನು ಚದುರಿಸಲು ಹೋದ ಲೆಫ್ಟಿನೆಂಟ್ ಸಿಂಗರ್ ಎಂಬ ಅಧಿಕಾರಿ ಅಕ್ಟೋಬರ್ 18ರಂದು ಹತನಾದನು. ಪೋಲೀಸರ ಗುಂಡಿಗೆ ಅನೇಕ ರೈತರು ಬಲಿಯಾದರು. ಮುಂದಾಳುಗಳಿಗೆ ಕಠಿಣ ಶಿಕ್ಷೆಯಾಯಿತು. ಅಫೀಮಿನ ಪರವಾಗಿ ಎದ್ದ ದಂಗೆಯೆಂದು ಇದನ್ನು ತಳ್ಳಿಹಾಕಿದವರುಂಟು. ನನಗೆ ಹಾಗೆ ತೋರುವುದಿಲ್ಲ. ವಿಷವನ್ನು ನಿಲ್ಲಿಸುತ್ತೇನೆಂದು ಹೇಳಿ ವಿಷದ ವ್ಯಾಪಾರವನ್ನೆಲ್ಲ ತನ್ನ ಕೈಗೆ ತೆಗೆದುಕೊಂಡ ಸರಕಾರದ ಲೆಕ್ಕಾಚಾರವನ್ನು ಆ ನಿರಕ್ಷರ ರೈತರು ಕಲ್ಕತ್ತೆಯ ವಿದ್ವಾಂಸರಿಗಿಂತ ಬೇಗನೆ ಕಂಡುಕೊಂಡರು.

ಅದೇ 1861ರಲ್ಲಿ ಹೇಮಚಂದ್ರ ಬರುವಾ ಅವರ ‘ಕಾನೀಯಾರ್ ಕೀರ್ತನ್’ ಎಂಬ ನಾಟಕ ಹೊರಬಂದಿತು. ಅಸ್ಸಾಮಿ ಭಾಷೆಗೆ ‘ಹೇಮಕೋಶ’ವೆಂಬ ಶಬ್ದಕೋಶವನ್ನು ಕೊಟ್ಟ ಈ ಮಹನೀಯರು ತಮ್ಮ ಆಯುಸ್ಸಿನ ಆರಂಭದಲ್ಲಿಯೇ ಕೈಗೊಂಡ ವಸ್ತು ಅಫೀಮಿನದು, ಸ್ಥಿತಿವಂತರ ಮನೆಯ ಕೀರ್ತಿಕಾಂತನೆಂಬ ತರುಣ ಕಾನಿಗೆ ವಶನಾಗಿ ಮಾನವನ್ನೂ ಮನೆಯನ್ನೂ ನೀಗಿಕೊಳ್ಳುವ ಕಥೆ ಅದು. ಆಧುನಿಕ ಅಸ್ಸಾಮಿ ನಾಟಕ ಸಾಹಿತ್ಯದ ಮೊದಲ ಕೃತಿಗಳಲ್ಲೊಂದು ವ್ಯಸನದ ಮನೆಯನ್ನೇ ರಂಗಸ್ಥಳವಾಗಿ ಆರಿಸಿಕೊಂಡಿತೆಂಬುದು ಆಕಸ್ಮಿಕವಲ್ಲ. ಹೊರಗಿನವರು ಅಸ್ಸಾಮಿನವರನ್ನು ಸೋಮಾರಿಗಳೆಂದು ಜರೆಯುತ್ತಿದ್ದರು. ತೋಟದ ಯಜಮಾನರು ಹಾಗೆ ಬರೆದರು, ಅಧಿಕಾರಿಗಳು ಅದನ್ನೇ ವರದಿಗಳಲ್ಲಿ ಪ್ರತಿಮಾಡಿದರು. ಒಂದು ಜನಾಂಗದ ಮೇಲೆ ಇಂತಹ ಅಪವಾದ ಬಂದಾಗ ಅದನ್ನು ಅಲ್ಲಗಳೆದು ಸುಮ್ಮನಾಗುವುದು ಸುಲಭ. ಬರುವಾ ಅವರು ತಮ್ಮ ಜನರ ಗಾಯವನ್ನು ತಾವೇ ಬಿಚ್ಚಿ ತೋರಿಸಿದರು.

1893ರಲ್ಲಿ ಬ್ರಿಟಿಷ್ ಸರಕಾರ ಲಾರ್ಡ್ ಬ್ರಾಸಿಯ ಅಧ್ಯಕ್ಷತೆಯಲ್ಲಿ ಒಂದು ರಾಯಲ್ ಕಮಿಷನ್ನನ್ನು ನೇಮಿಸಿತು. ಇಂಗ್ಲೆಂಡಿನ ಕ್ವೇಕರ್ ಪಂಥದವರೂ ಇತರ ಧಾರ್ಮಿಕರೂ ವರ್ಷಾನುಗಟ್ಟಲೆ ಎತ್ತಿದ ದನಿಗೆ ಉತ್ತರವಾಗಿ ನೇಮಕವಾದ ಈ ಮಂಡಲಿ 1895ರಲ್ಲಿ ತನ್ನ ವರದಿಯನ್ನು ಕೊಟ್ಟಿತು. ಭಾರತೀಯರು ಅಫೀಮನ್ನು ಬಹುಮಟ್ಟಿಗೆ ಮಿತವಾಗಿಯೇ ಸೇವಿಸುತ್ತಾರೆ, ಅದರಿಂದ ಗಣನೀಯ ಹಾನಿಯಿಲ್ಲ, ಅದನ್ನು ನಿಷೇಧಿಸಲು ಜನರೇ ಒಪ್ಪರು ಎಂಬುದು ಅದರ ಸಾರ. ಸದಸ್ಯರಲ್ಲಿ ಹೆನ್ರಿ ವಿಲ್ಸನ್ ಒಬ್ಬರೇ ಇದನ್ನು ಒಪ್ಪದೆ ತಮ್ಮ ಭಿನ್ನಮತವನ್ನು ದಾಖಲಿಸಿದರು. ಅಫೀಮು ಜ್ವರವನ್ನು ತಡೆಯುವುದೆಂದು ಕಮಿಷನ್ನಿನ ಮುಂದೆ ಹೇಳಿದ ವೈದ್ಯರೂ ಇದ್ದರು. ಆ ವರ್ಷಗಳಲ್ಲಿಯೇ ಕಾಲಾ ಆಜಾರ್ ಎಂಬ ಮಹಾಮಾರಿ ನೌಗಾಂವನ್ನು ಸುಡುತ್ತಿದ್ದಿತು. 1891ರಿಂದ 1901ರ ಒಳಗೆ ಆ ಜಿಲ್ಲೆಯ ಜನಸಂಖ್ಯೆ ಹೆಚ್ಚುಕಡಿಮೆ ನಾಲ್ಕನೆಯ ಒಂದು ಪಾಲು ಇಳಿದುಹೋಯಿತು. ಅದಕ್ಕೆ ಆಗ ಮದ್ದಿರಲಿಲ್ಲ. ಉಪೇಂದ್ರನಾಥ ಬ್ರಹ್ಮಚಾರಿಯವರ ಯೂರಿಯಾ ಸ್ಟಿಬಮೀನ್ ಬರಲು ಇನ್ನೂ 20 ವರ್ಷಗಳಿಗೂ ಮೇಲ್ಪಟ್ಟ ಕಾಲ ಕಾಯಬೇಕಾಗಿದ್ದಿತು. ಆಸ್ಪತ್ರೆಯಿಲ್ಲದ ಊರಿನಲ್ಲಿ ಮಗುವಿನ ಹೊಟ್ಟೆ ಉಬ್ಬಿ ಮೈ ಕರಗುತ್ತಿದ್ದಾಗ ತಾಯಿ ಒಂದು ಚೂರು ಕಾನಿಯನ್ನು ನೀರಿಗೆ ಹಾಕಿದ್ದರೆ, ಆ ಪಾಪದ ಹೊಣೆ ಯಾರದೆಂದು ಕಮಿಷನ್ನಿನವರು ಕೇಳಬಹುದಾಗಿತ್ತು. ಮುಂಬಯಿಯ ಗಿರಣಿಗಳಲ್ಲಿ ದುಡಿಯುವ ಹೆಂಗಸರು ಬಾಲಗೋಲಿ ಎಂಬ ಅಫೀಮಿನ ಗುಳಿಗೆಯನ್ನು ಕೂಸಿಗೆ ಕೊಟ್ಟು, ಅದು ಸಂಜೆಯವರೆಗೆ ನಿದ್ದೆಹೋಗಲೆಂದು ಮಲಗಿಸಿ, ಕೆಲಸಕ್ಕೆ ಹೋಗುತ್ತಿದ್ದುದೂ ಇದೇ ಅಸಹಾಯಕತೆಯಿಂದಲೇ.

ಈ ನೂರು ವರ್ಷದ ಕಥೆಯಲ್ಲಿ ಬೆಳಕೆಂಬುದು ಬಂದುದು ಸರಕಾರದಿಂದಲ್ಲ, ಊರಿನಿಂದ. 1918ರಲ್ಲಿ ತೇಜಪುರದಲ್ಲಿ ಸೇರಿದ ಅಸ್ಸಾಂ ವಿದ್ಯಾರ್ಥಿ ಸಮ್ಮೇಳನದಲ್ಲಿ ಚಂದ್ರಪ್ರಭಾ ಎಂಬ, ಇನ್ನೂ 20 ತುಂಬದ ಒಬ್ಬ ಶಿಕ್ಷಕಿ ಎದ್ದು ನಿಂತು ಅಫೀಮಿನ ಅನರ್ಥವನ್ನು ಕುರಿತು ಮಾತನಾಡಿದರು. ಹೆಣ್ಣುಮಕ್ಕಳು ಸಭೆಯಲ್ಲಿ ಪರದೆಯ ಹಿಂದೆ ಕುಳಿತುಕೊಳ್ಳುತ್ತಿದ್ದ ಕಾಲ ಅದು. ಮುಂದೆ ಚಂದ್ರಪ್ರಭಾ ಶೈಕಿಯಾನಿ ಎಂದು ಖ್ಯಾತರಾಗಿ 1926ರಲ್ಲಿ ಅಸ್ಸಾಂ ಮಹಿಳಾ ಸಮಿತಿಯನ್ನು ಕಟ್ಟಿದ ಅವರ ಸಾರ್ವಜನಿಕ ಜೀವನದ ಮೊದಲ ಮಾತುಗಳಲ್ಲಿ ಇದೂ ಒಂದಾದುದನ್ನು ನೆನೆದಾಗ, ನೋವನ್ನುಂಡ ಹೆಂಗಸರ ಪಕ್ಷದಿಂದ ಆ ತನಕ ಹೆಚ್ಚು ಮಂದಿ ಸಾಕ್ಷ್ಯ ನುಡಿದಿರಲಿಲ್ಲವೆಂಬುದೂ ನೆನಪಿಗೆ ಬರುತ್ತದೆ.

1921ರ ಆಗಸ್ಟಿನಲ್ಲಿ ಗಾಂಧಿಯವರು ಅಸ್ಸಾಮಿಗೆ ಬಂದರು. ಅಸಹಕಾರದ ಆ ವರ್ಷದಲ್ಲಿ ಸ್ವಯಂಸೇವಕರು ಅಫೀಮಿನ ಅಂಗಡಿಗಳ ಮುಂದೆ ನಿಂತು ಕೊಳ್ಳುವವರಿಗೆ ಕೈಮುಗಿದರು. ಹಳ್ಳಿಗಳಲ್ಲಿ ನಾಮಘರವೆಂಬ ಪ್ರಾರ್ಥನಾ ಮಂದಿರವೇ ಕೂಡುವ ಸ್ಥಳವಾಗಿದ್ದು, ದೈವದ ಸಮಕ್ಷದಲ್ಲಿ ಆಣೆಯಿಟ್ಟು ಕಾನಿಯನ್ನು ತೊರೆದವರೂ ಉಂಟು. ಎರಡು ಮೂರು ವರ್ಷಗಳಲ್ಲಿ ಪ್ರಾಂತದ ಅಫೀಮಿನ ಮಾರಾಟ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು. 60 ವರ್ಷ ಬೆಲೆಯೇರಿಸಿದ ಸರಕಾರ ಸಾಧಿಸಲಾರದುದನ್ನು ನೆರೆಹೊರೆಯವರ ಮಾತು ಸಾಧಿಸಿತು. ಆದರೆ ಸ್ವಯಂಸೇವಕರನ್ನು ಸೆರೆಗೆ ತಳ್ಳಲಾಯಿತು. ಅಂಗಡಿಯ ಮುಂದೆ ಕೈಮುಗಿಯುವುದು ಅಪರಾಧವಾಯಿತು, ಅಂಗಡಿಯನ್ನು ತೆರೆದಿರುವುದು ಆಗಲಿಲ್ಲ.

1924ರಲ್ಲಿ ಅಖಿಲ ಭಾರತ ಕಾಂಗ್ರೆಸ್ ಸಮಿತಿ ಈ ವಿಷಯವನ್ನು ಕೈಗೆತ್ತಿಕೊಂಡಿತು. ಕುಲಾಧರ ಚಾಲಿಹಾ ಅವರ ನೇತೃತ್ವದಲ್ಲಿ, ಸಿ. ಎಫ್. ಆಂಡ್ರೂಸರ ನೆರವಿನೊಡನೆ ನಡೆದ ವಿಚಾರಣೆಯ ವರದಿ 1925ರಲ್ಲಿ ಪ್ರಕಟವಾಯಿತು. ಸರಕಾರದ ಕಮಿಷನ್ನಿಗೂ ಈ ಸಮಿತಿಗೂ ಇದ್ದ ಅಂತರ ಇದು: ಇವರು ಊರೂರು ಅಲೆದು ರೈತರನ್ನೂ ಪಾದ್ರಿಗಳನ್ನೂ ವೈದ್ಯರನ್ನೂ ವ್ಯಸನಿಗಳನ್ನೂ ಕೇಳಿದರು. ವೈದ್ಯಕೀಯ ಅವಶ್ಯಕತೆಗೆ 10,000 ಜನರಿಗೆ ವರ್ಷಕ್ಕೆ 6 ಸೇರು ಸಾಕೆಂದು ರಾಷ್ಟ್ರಸಂಘ ಗೊತ್ತುಮಾಡಿದ್ದಿತು. ಅಸ್ಸಾಮಿನ ಸೇವನೆ ಇದರ ಹಲವು ಮಡಿ ಇದ್ದು, ಮೇಲಣ ಅಸ್ಸಾಮಿನ ಜಿಲ್ಲೆಗಳಲ್ಲಿ ಇನ್ನೂ ಭೀಕರವಾಗಿದ್ದಿತು. ಸಮಿತಿಯ ಸಲಹೆಗಳಲ್ಲಿ ನಾನು ಬಹುವಾಗಿ ಮೆಚ್ಚುವುದು ಒಂದನ್ನು: 40 ವರ್ಷ ಮೀರಿದ ಹಳೆಯ ವ್ಯಸನಿಗಳ ಹೆಸರನ್ನು ಬರೆದಿಟ್ಟು ಅವರಿಗೆ ನಿಯತವಾದ ಪಾಲನ್ನು ಒದಗಿಸಬೇಕು, ಕಿರಿಯರಿಗೆ ಚಿಕಿತ್ಸೆ ಕೊಡಿಸಬೇಕು, ಮಾರಾಟವನ್ನು ಕ್ರಮವಾಗಿ ಔಷಧದ ಮಟ್ಟಕ್ಕೆ ಇಳಿಸಬೇಕು ಎಂದು ಅವರು ಹೇಳಿದರು. ವ್ಯಸನವನ್ನು ಇಷ್ಟು ಕಟುವಾಗಿ ಖಂಡಿಸಿದವರು ವ್ಯಸನಿಯ ಮೇಲೆ ಕಟುವಾಗಲಿಲ್ಲ. ಮುದುಕನೊಬ್ಬನಿಂದ ಒಂದೇ ದಿನ ಅದನ್ನು ಕಿತ್ತುಕೊಂಡರೆ ಅವನು ಸಾಯಬಹುದೆಂಬುದನ್ನು ಅವರು ಅಂತಹ ಮನೆಗಳಲ್ಲಿ ಕುಳಿತು ತಿಳಿದುಕೊಂಡಿದ್ದರು.

ಗೋಪೀನಾಥ ಬರ್ದಲೈಯವರ ಮಂತ್ರಿಮಂಡಲ 1939ರಲ್ಲಿ ದಿಬ್ರುಗಢ ಮತ್ತು ಶಿವಸಾಗರದ ಉಪವಿಭಾಗಗಳಲ್ಲಿ ಪಾನನಿಷೇಧದಂತೆಯೇ ಅಫೀಮು ನಿಷೇಧವನ್ನು ಜಾರಿಗೆ ತಂದಿತು. ಅದೇ 1939ರಲ್ಲಿ ನಮ್ಮ ಚಿತ್ರದುರ್ಗದ ಬಳಿಯ ತುರುವನೂರಿನಲ್ಲಿ ಸತ್ಯಾಗ್ರಹಿಗಳು ಈಚಲು ಮರಗಳನ್ನು ಕಡಿದು ಸೆರೆಮನೆಗೆ ಹೋದರು. ಹೆಂಡದ ಆದಾಯವನ್ನು ಮುರಿಯುವುದು ಅಲ್ಲಿಯ ಉದ್ದೇಶ. ಅಸ್ಸಾಮಿನವರ ಕೆಲಸ ಇದಕ್ಕಿಂತ ತೊಡಕಿನದಾಗಿತ್ತು. ಕಡಿಯಲು ಅವರಿಗೆ ಮರವಿರಲಿಲ್ಲ, ಕೊಳ್ಳಲು ಅಂಗಡಿಯಿಲ್ಲದ ಮಾತ್ರಕ್ಕೆ ದೇಹದ ಬೇಡಿಕೆ ನಿಲ್ಲುವಂತಿರಲಿಲ್ಲ. ಆದುದರಿಂದ ಅವರು ಕಾರ್ಯಕರ್ತರ ಜೊತೆಗೆ ವೈದ್ಯರನ್ನೂ ಕಳಿಸಬೇಕಾಯಿತು. ಅದೇ ವರ್ಷ ಯುದ್ಧ ಬಂದಿತು, ಮಂತ್ರಿಮಂಡಲ ರಾಜೀನಾಮೆಯಿತ್ತಿತು, ಕೆಲಸ ಅರ್ಧದಲ್ಲಿ ನಿಂತಿತು. ಪ್ರಾಂತಕ್ಕೆಲ್ಲ ಅನ್ವಯಿಸುವ ಅಸ್ಸಾಂ ಅಫೀಮು ನಿಷೇಧ ಶಾಸನವಾದುದು 1947ರಲ್ಲಿ. ಭಾರತದಾದ್ಯಂತ ಔಷಧವಲ್ಲದ ಉಪಯೋಗಕ್ಕೆ ಅಫೀಮು ಮಾರುವುದನ್ನು 10 ವರ್ಷಗಳಲ್ಲಿ ನಿಲ್ಲಿಸಬೇಕೆಂದು 1949ರಲ್ಲಿ ನಿರ್ಣಯವಾಗಿ, 1959ರ ಮಾರ್ಚ್ 31ಕ್ಕೆ ಆ ಅವಧಿ ಮುಗಿಯಿತು.

ಕಣಿವೆಯ ತಲೆಯಲ್ಲಿರುವ ಅರುಣಾಚಲದ ಲೋಹಿತ್ ಮತ್ತು ಅಂಜಾವ್ ಜಿಲ್ಲೆಗಳ ಬೆಟ್ಟಗಳಲ್ಲಿ ಮಾತ್ರ ಗಸಗಸೆಯ ಬೇಸಾಯವೂ ಅದರ ಸೇವನೆಯೂ ಶಾಸನಗಳನ್ನು ದಾಟಿ ಬಹುಕಾಲ ಉಳಿದವು. ಆಸ್ಪತ್ರೆ ದೂರ, ರಸ್ತೆ ದುರ್ಗಮ, ಹೊತ್ತು ಮಾರಬಹುದಾದ ಬೇರೆ ಬೆಳೆ ಕಡಿಮೆ. ಅಸ್ಸಾಮಿನ ರೈತನನ್ನು 150 ವರ್ಷಗಳ ಹಿಂದೆ ಕಾನಿಗೆ ಕಟ್ಟಿಹಾಕಿದ ಕಾರಣಗಳೇ ಅಲ್ಲಿಯೂ ಇದ್ದುವು. ಈಚಿನ ವರ್ಷಗಳಲ್ಲಿ ಆ ಇಳಿಜಾರುಗಳಲ್ಲಿ ದೊಡ್ಡ ಏಲಕ್ಕಿಯ ಬೇಸಾಯ ಹಬ್ಬುತ್ತಿದ್ದು, ರಸ್ತೆ ತಲುಪಿದ ಊರುಗಳಲ್ಲಿ ಅದರಿಂದ ಕೈಗೆ ನಗದು ಬರುತ್ತಿದೆ. ಗಸಗಸೆಯ ಗಿಡಗಳನ್ನು ತುಳಿದು ನಾಶಮಾಡಲು ವರ್ಷವರ್ಷವೂ ಕಳುಹಿಸುವ ಪಡೆಗಳ ವೆಚ್ಚದಲ್ಲಿ ಒಂದು ಪಾಲನ್ನಾದರೂ ಆ ರಸ್ತೆಗಳಿಗೂ, ಬೆಟ್ಟದ ಮೇಲೆ ನೆಲೆಯಾಗಿ ನಿಲ್ಲುವ ವೈದ್ಯರಿಗೂ ಮೀಸಲಿಡಬೇಕು.